ಮನೆಯಲ್ಲಿ ಸದ್ದಿಲ್ಲ

ನವೆಂಬರ್ ೪, ಮಂಗಳವಾರ

ಬೈಯೋಣ ಅಂದರೆ ಮನೆಯಲ್ಲಿ ಹೆಂಡತಿ ಇಲ್ಲ, ಅದಕ್ಕೆ ಬರೆಯೋಕೆ ಕೂತಿದ್ದೇನೆ. ಈ ಡೈರಿ ಕಾರ್ಖಾನೆಗೆ ತಂತಿ ಸರಬರಾಜು ಮಾಡುವವರು ವರ್ಷದ ಮೊದಲಲ್ಲಿ ಕೊಟ್ಟಿದ್ದು. ಇಷ್ಟು ದಿನ ಬೀರುವಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಓದುವವರು ಯಾರೂ ಇಲ್ಲ, ಮನಸ್ಸಿಗೆ ಬಂದದ್ದನ್ನು ಗೀಚಬಹುದು.

ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ ಬಂದೆ. ಅವಳ ಅಕ್ಕನಿಗೆ ಹೊಟ್ಟೆಯೊಳಗೆ ಗಡ್ಡೆ, ಡಾಕ್ಟರು ಕೈ ಚೆಲ್ಲಿದ್ದಾರೆ. ಗಂಡ ಹೋಗಿ ವರ್ಷಗಳಾದವು, ಮಕ್ಕಳಿಲ್ಲ. ಕೊನೆಗಾಲಕ್ಕೆ ಪಕ್ಕದಲ್ಲಿ ಕೂರುವುದಕ್ಕೆ ತಂಗಿಯೇ ಆಗಬೇಕು. ಹೋಗಬೇಡ ಅನ್ನೋಕೆ ನಾನೇನು ಕಲ್ಲೇ? ಎರಡು ವಾರ ಅಂದಿದ್ದಾಳೆ. ಸೀಟಿನಲ್ಲಿ ಕೂತು ಕಿಟಕಿಯಿಂದ ಏನೇನೋ ಹೇಳಿದಳು. ಚೋಟು ಕಡೆ ಕೈ ತೋರಿಸಿದಳು, ತನ್ನ ಎದೆ ಮುಟ್ಟಿಕೊಂಡಳು, ಬೆರಳು ಮೇಲೆತ್ತಿ ಏನೋ ಎಣಿಸಿದಳು. ಬಸ್ಸಿನ ಇಂಜಿನ್ನು ಗುರುಗುಟ್ಟುತ್ತಿತ್ತು. ಎಲ್ಲದಕ್ಕೂ ತಲೆ ಆಡಿಸಿದೆ. ಹೆಂಡತಿ ಮಾತಿಗೆ ತಲೆ ಆಡಿಸಿದರೆ ಸಂಸಾರ ಅರ್ಧ ಗೆದ್ದ ಹಾಗೆ, ಮಿಕ್ಕರ್ಧ ಹೇಗೂ ಅವಳದೇ.

ಈಗ ಮನೆಯಲ್ಲಿ ನಾನು, ಮಗಳು, ಚೋಟು. ಮಗಳು ನಾಲ್ಕನೇ ಕ್ಲಾಸು. ಚೋಟು ಈ ವರ್ಷ ಶಾಲೆಗೆ ಸೇರಿದವನು, ಚೋಟುದ್ದ ಇರೋದಕ್ಕೆ ಆ ಹೆಸರು. ನಾನು ಮೊಳೆ ಕಾರ್ಖಾನೆಯಲ್ಲಿ ಫಿಟ್ಟರ್. ತಂತಿ ಕತ್ತರಿಸಿ ತಲೆ ಜಜ್ಜಿ ಮೊಳೆ ಉಗುಳುವ ಯಂತ್ರಗಳು ಸಾಲಿಗೆ ಸಾಲೇ ನನ್ನ ಮಾತು ಕೇಳುತ್ತವೆ. ಎರಡು ಮಕ್ಕಳು ಕೇಳದೆ ಎಲ್ಲಿಗೆ ಹೋಗುತ್ತವೆ?

ನವೆಂಬರ್ ೫, ಬುಧವಾರ

ಮೊದಲನೇ ದಿನವೇ ಕೆಟಲ್ ಸುಟ್ಟಿತು. ನೀರು ಇಟ್ಟು ಮಗಳ ಜಡೆಯ ಜೊತೆ ಯುದ್ಧಕ್ಕೆ ಕೂತಿದ್ದೆ. ಮೂರು ಎಳೆ, ಎರಡು ಕೈ, ಲೆಕ್ಕವೇ ಹೊಂದುವುದಿಲ್ಲ. ಯಂತ್ರಕ್ಕೆ ಬೆಲ್ಟು ಹಾಕುವುದು ಇದಕ್ಕಿಂತ ಸಲೀಸು. ಇದ್ದಕ್ಕಿದ್ದಂತೆ ಅವಳು ಕೂದಲು ಬಿಡಿಸಿಕೊಂಡು ಅಡುಗೆಮನೆಗೆ ಓಡಿದಳು. ಹಿಂದೆಯೇ ಹೋಗಿ ನೋಡಿದರೆ ನೀರೆಲ್ಲ ಆರಿ ತಳ ಕಪ್ಪಾಗಿತ್ತು.

"ಅಪ್ಪಾ, ಎಷ್ಟು ಹೊತ್ತಿಂದ ಕೂಗ್ತಿದೆ ಅದು!"

"ಕೂಗಿದ್ರೆ ನಂಗೆ ಕೇಳಿಸ್ತಿರಲಿಲ್ವಾ? ಸೀಟಿ ಕೆಟ್ಟಿದೆ."

ಫಿಟ್ಟರ್ ಮನೆಯಲ್ಲಿ ಸೀಟಿ ಕೆಟ್ಟರೆ ಏನು, ಸಂಜೆ ಮೂತಿ ಬಿಚ್ಚಿ ಉಜ್ಜಿ ತೊಳೆದು ಮತ್ತೆ ಕೂರಿಸಿದೆ. ನೀರು ಕುದಿಯಿತು, ಆವಿ ಭರ್ರನೆ ಬಂತು, ಸೀಟಿ ಮಾತ್ರ ಇಲ್ಲ. ಚೋಟು ಎರಡೂ ಕಿವಿ ಮುಚ್ಚಿಕೊಂಡು ಕುಣಿಯುತ್ತಿದ್ದ, ತರಲೆ ಮುಂಡೇದು. "ಇನ್ನೂ ಕೆಟ್ಟೇ ಇದೆ" ಅಂದೆ. ಮಗಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. "ಹೂಂ ಅಪ್ಪ, ಕೆಟ್ಟಿದೆ" ಅಂದಳು. ಈಗಿನ ಸಾಮಾನುಗಳ ಹಣೆಬರಹವೇ ಇಷ್ಟು.

ನವೆಂಬರ್ ೯, ಭಾನುವಾರ

ಬಟ್ಟೆ ಒಗೆದೆ, ನೆಲ ಒರೆಸಿದೆ, ಎರಡೂ ಮಕ್ಕಳಿಗೆ ಸ್ನಾನ ಮಾಡಿಸಿದೆ. ಮೊಟ್ಟೆ ಬೇಯಿಸಿ ಅನ್ನ ಮಾಡಿದೆ. ಅನ್ನ ಒಂದು ಕಡೆ ಅಂಟು, ಒಂದು ಕಡೆ ಅಕ್ಕಿ. ಚೋಟು ಬಟ್ಟಲಲ್ಲಿ ಗಡಿ ಹಾಕಿಕೊಂಡು ಅಂಟಿನ ಕಡೆಯಿಂದ ಮಾತ್ರ ತಿಂದ. ಇಷ್ಟೆಲ್ಲ ಕೆಲಸವನ್ನು ಅವಳು ದಿನಾ ಮಾಡಿ ಮೇಲೆ ನನ್ನ ಜೊತೆ ಜಗಳಕ್ಕೂ ಶಕ್ತಿ ಉಳಿಸಿಕೊಳ್ಳುತ್ತಾಳಲ್ಲ, ಅದು ಹೇಗೋ!

ಸಂಜೆ ಫೋನು ಬಂತು. ಬಂತು ಅಂತ ಮಗಳು ಹೇಳಿದಳು. ನಾನು ಎತ್ತಿ ಎರಡು ಮಾತಾಡಿ ರಿಸೀವರ್ ಮಗಳಿಗೇ ಕೊಟ್ಟೆ. ಈ ಫೋನಿನಲ್ಲಿ ಹೆಂಗಸರ ಧ್ವನಿ ಸರಿಯಾಗಿ ಬರುವುದೇ ಇಲ್ಲ, ಎಷ್ಟು ಸಲ ಹೇಳಿದರೂ ಫೋನಿನ ಕಚೇರಿಯವರು ಬಂದು ನೋಡಲಿಲ್ಲ. ಮಗಳು ಮಾತು ಮುಗಿಸಿ ನನ್ನ ಎದುರಿಗೆ ಬಂದು ನಿಂತು ಒಂದೊಂದಾಗಿ ಹೇಳಿದಳು. ದೊಡ್ಡಮ್ಮ ಏನೂ ತಿನ್ನುತ್ತಿಲ್ಲ. ಅಮ್ಮ ಅವರ ಮಂಚದ ಕೆಳಗೇ ಮಲಗುತ್ತಾಳೆ. ಚೋಟು ಎದೆ ಹೇಗಿದೆ ಅಂತ ಕೇಳಿದಳು.

"ಏನಂದೆ?"

"ಸ್ವಲ್ಪ ಕೆಮ್ಮು ಅಂತ ಹೇಳೋಕೆ ಹೋದೆ. ಅಷ್ಟರಲ್ಲಿ ದೊಡ್ಡಮ್ಮ ಕರೆದ್ರು."

"ಒಳ್ಳೇದಾಯ್ತು. ಕೇಳು, ಸಾಯೋರ ಪಕ್ಕ ಕೂತಿರೋಳು ನಿಮ್ಮಮ್ಮ. ಅವಳ ತಲೆಗೆ ಇದನ್ನೂ ತುಂಬಬೇಡ. ಇನ್ನು ಮೇಲೆ ಅವಳು ಏನು ಕೇಳಿದ್ರೂ ಚೆನ್ನಾಗಿದ್ದೀವಿ ಅನ್ನಬೇಕು. ಗೊತ್ತಾಯ್ತಾ?"

ಗೊತ್ತಾಯಿತು ಅಂದಳು. ಹೇಳಿದ್ದನ್ನು ಒಂದೇ ಸಲಕ್ಕೆ ತಿಳಿದುಕೊಳ್ಳುತ್ತಾಳೆ, ನನ್ನ ಬುದ್ಧಿ.

ನವೆಂಬರ್ ೧೨, ಬುಧವಾರ

ಬೆಳಿಗ್ಗೆ ಏಳುತ್ತಲೇ ಮಗಳು ತೋಳು ಮುಟ್ಟಿದಳು. ರಾತ್ರಿ ಚೋಟು ಎದೆ ಸೀಟಿ ಹೊಡೆಯುತ್ತಿತ್ತಂತೆ. ಮೇಲಿನ ಗೂಡಿನಲ್ಲಿ ಪಂಪಿನ ಔಷಧಿ ಇದೆಯಂತೆ, ಬಾಯಿಗಿಟ್ಟು ಒತ್ತೋದು, ಅಮ್ಮ ಹಾಗೇ ಮಾಡುತ್ತಾಳಂತೆ, ಇಳಿಸಿಕೊಡಬೇಕಂತೆ.

ನೋಡದೆ ಇಳಿಸುವವನು ನಾನಲ್ಲ. ಚೋಟು ಅಂಗಿ ಮೇಲೆತ್ತಿ ಎದೆಗೆ ಕಿವಿ ಇಟ್ಟೆ. ಆ ಕಡೆ, ಈ ಕಡೆ, ಬೆನ್ನಿಗೆ. ಗುಂಡಿಗೆ ಢಬಢಬ ಹೊಡೆದುಕೊಳ್ಳುತ್ತಿತ್ತು, ಅಷ್ಟೇ. ಯಂತ್ರದ ಹೊಟ್ಟೆಗೆ ಸ್ಕ್ರೂಡ್ರೈವರ್ ಊರಿ ಹಿಡಿಯನ್ನು ಹಲ್ಲಿಗೆ ಕಚ್ಚಿಕೊಂಡರೆ ಒಳಗೆ ಯಾವ ಬೇರಿಂಗ್ ಸವೆದಿದೆ ಅಂತ ಹೇಳುವವನು ನಾನು. ಕಾರ್ಖಾನೆಯಲ್ಲಿ ಆ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ನನ್ನ ಮಗನ ಎದೆಯಲ್ಲಿ ಸೀಟಿ ಇದ್ದರೆ ತಿಳಿಯುತ್ತಿರಲಿಲ್ಲವೇ?

"ಏನೂ ಇಲ್ಲ. ಇಂಜಿನ್ನು ಫಸ್ಟ್ ಕ್ಲಾಸ್."

"ಇದೆ ಅಪ್ಪ. ಈಗಲೂ ಇದೆ."

"ನಂಗೆ ಕೇಳಿಸದ್ದು ನಿಂಗೆ ಕೇಳಿಸುತ್ತಾ? ಸುಮ್ಮನೆ ಔಷಧಿ ಒತ್ತಿ ಅಭ್ಯಾಸ ಮಾಡಬಾರದು."

ಅಮ್ಮನ ಹಾಗೇ ಇವಳಿಗೂ ಇಲಿಯನ್ನು ಹುಲಿ ಮಾಡುವ ಚಟ.

ನವೆಂಬರ್ ೧೩, ಗುರುವಾರ

ಕಿವಿ ಪರೀಕ್ಷೆಯಲ್ಲಿ ಪಾಸು!

ವರ್ಷಕ್ಕೊಮ್ಮೆ ಕಾರ್ಖಾನೆಗೆ ವ್ಯಾನು ಬರುತ್ತದೆ. ಒಳಗೆ ಗಾಜಿನ ಗೂಡು. ಕಿವಿಗೆ ಎರಡು ಬಟ್ಟಲು ಹಾಕಿ ಕೂರಿಸುತ್ತಾರೆ, ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ನಮ್ಮ ಸಾಲಿನಲ್ಲಿ ಯಾರೂ ಕಿವಿಯಿಂದ ಒತ್ತುವುದಿಲ್ಲ. ಸಹಾಯಕ ತಿರುಪು ತಿರುಗಿಸುವಾಗ ಅವನ ಮೊಣಕೈ ಏಳುತ್ತದೆ, ಅದು ಎದುರಿನ ಔಷಧಿ ಕಪಾಟಿನ ಗಾಜಿನಲ್ಲಿ ಕಾಣುತ್ತದೆ. ಮೊಣಕೈ ಎದ್ದರೆ ಒತ್ತು, ಇಳಿದರೆ ಬಿಡು. ನನಗೆ ಇದನ್ನು ಹೇಳಿಕೊಟ್ಟವನು ನನ್ನ ಗುರು, ಅವನಿಗೆ ಅವನ ಗುರು.

ಹೋದ ವರ್ಷ ಎಣ್ಣೆಯವನ ಸರದಿಯಲ್ಲಿ ಯಾರೋ ಪುಣ್ಯಾತ್ಮ ಆ ಕಪಾಟಿನ ಬಾಗಿಲು ತೆರೆದಿಟ್ಟಿದ್ದ. ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದ ಮನುಷ್ಯ, ಅವನಿಲ್ಲದಿದ್ದರೆ ನಮ್ಮ ಸಾಲು ತುಕ್ಕು ಹಿಡಿಯುತ್ತಿತ್ತು. ಪರೀಕ್ಷೆಯಲ್ಲಿ ಬಿದ್ದ. ಈಗ ಪ್ಯಾಕಿಂಗಿನಲ್ಲಿ ಕೂತು ಡಬ್ಬಿಗೆ ಚೀಟಿ ಅಂಟಿಸುತ್ತಾನೆ. ನಿನ್ನೆ ಮೊನ್ನೆ ಬಂದ ಹುಡುಗರು ಅವನ ಹಿಂದೆ ನಿಂತು ಬಾಯಿಗೆ ಬಂದದ್ದು ಅಂದು ನಗುತ್ತಾರೆ. ಅವನಿಗೆ ತಿಳಿಯುವುದಿಲ್ಲ.

ನನ್ನ ಫಲಿತಾಂಶ ನೋಡಿ ಸಹಾಯಕ ಹೆಬ್ಬೆರಳು ಎತ್ತಿದ. ಜನ ಬಾಯಿ ಬಿಟ್ಟು ಮಾತಾಡೋಕೆ ಬರದೆ ನನ್ನ ಕಿವಿಗೆ ಬೈಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನವೆಂಬರ್ ೧೬, ಭಾನುವಾರ

ಮನೆ ಈಗ ಒಂದು ಹದಕ್ಕೆ ಬಂದಿದೆ. ಅವಳಿದ್ದಾಗ ಏನು ಗಲಾಟೆ, ಏನು ಕೂಗಾಟ! ಈಗ ನೋಡಿ, ಮನೆಯಲ್ಲಿ ಸದ್ದಿಲ್ಲ. ಮಗಳು ಏನಾದರೂ ಹೇಳಬೇಕಾದರೆ ಮೊದಲು ನನ್ನ ಮೊಣಕೈ ಮುಟ್ಟುತ್ತಾಳೆ, ಆಮೇಲೆ ಎದುರಿಗೆ ನಿಂತು ನಿಧಾನವಾಗಿ ಹೇಳುತ್ತಾಳೆ. ಚೋಟು ಕೂಡ ಕಲಿತಿದ್ದಾನೆ, ಅಂಗಿ ಎಳೆಯುತ್ತಾನೆ. ಮಕ್ಕಳು ಹಿಂದಿನಿಂದ ಕೂಗುವುದು, ಪಕ್ಕದ ಕೋಣೆಯಿಂದ ಕಿರುಚುವುದು ಎಲ್ಲ ನಿಂತಿತು. ಹೆಂಗಸರ ಕೈಯಲ್ಲಿ ಬರದ ಶಿಸ್ತು ಹನ್ನೆರಡು ದಿನದಲ್ಲಿ ಬಂತು. ಅವಳು ಬಂದ ಮೇಲೆ ತೋರಿಸಬೇಕು.

ಚೋಟು ಮಾತ್ರ ಸೋಮಾರಿಯಾಗುತ್ತಿದ್ದಾನೆ. ನಮ್ಮದು ಎರಡನೇ ಮಹಡಿ. ಮೊದಲೆಲ್ಲ ನನಗಿಂತ ಮುಂಚೆ ಓಡಿ ಹತ್ತುತ್ತಿದ್ದವನು ಇವತ್ತು ಅರ್ಧ ಮೆಟ್ಟಿಲಲ್ಲೇ ಕೂತುಬಿಟ್ಟ. ಎತ್ತಿಕೊಳ್ಳಲಿಲ್ಲ. ಗಂಡು ಹುಡುಗ, ಹತ್ತಲಿ ಅಂತ ನಿಂತೆ. ಅಕ್ಕನೇ ಇಳಿದು ಹೋಗಿ ಕೈ ಹಿಡಿದುಕೊಂಡು ಬಂದಳು.

ನವೆಂಬರ್ ೧೮, ಮಂಗಳವಾರ

ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲಲ್ಲಿ ಅಡ್ಡ ಹಾಕಿದಳು. ಈಕೆಯದು ಗಂಡಸಿನ ಗಂಟಲು, ಒಂದಕ್ಷರ ಬಿಡದೆ ಕಿವಿಗೆ ಬೀಳುತ್ತದೆ.

"ರಾತ್ರಿಯೆಲ್ಲ ಮಗು ಕೆಮ್ಮುತ್ತಲ್ರೀ. ನನಗೆ ನಿದ್ದೆ ಇಲ್ಲ. ನೀವು ಹೇಗೆ ಮಲಗ್ತೀರಿ?"

"ನಿಮ್ಮ ಹೊಲಿಗೆ ಮೆಷಿನ್ನಿನ ಸದ್ದನ್ನ ಎಷ್ಟು ವರ್ಷದಿಂದ ಸಹಿಸಿದ್ದೀವಿ, ನಾವೇನಾದ್ರೂ ಕೇಳಿದ್ವಾ?"

ಆಕೆ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಇಡೀ ಬೀದಿಗೆ ಕಿವಿ ಹಚ್ಚಿಕೊಂಡು ಕೂರುತ್ತಾಳೆ. ಆದರೂ ಮನೆಗೆ ಬಂದು ಮಗಳನ್ನು ಕೇಳಿದೆ.

"ರಾತ್ರಿ ಕೆಮ್ಮುತ್ತಾನಾ?"

"ಹೂಂ."

"ನನ್ನನ್ನ ಎಬ್ಬಿಸಬೇಕು ತಾನೆ?"

"ಎಬ್ಬಿಸಿದ್ದೆ ಅಪ್ಪ. ನೀನು ಕಿವಿ ಇಟ್ಟು ನೋಡಿ, ಏನಿಲ್ಲ ಮಲಗು ಅಂದೆ. ಆಮೇಲೆ ಎಬ್ಬಿಸಲಿಲ್ಲ."

ಹೌದು, ನೆನಪಾಯಿತು. ಔಷಧಿ ಅಂಗಡಿಯಿಂದ ಕೆಮ್ಮಿನ ಸಿರಪ್ಪು ತಂದಿಟ್ಟೆ. ಸಿಹಿಯಾಗಿದೆ ಅಂತ ಚೋಟು ಚಮಚ ನೆಕ್ಕಿದ.

ನವೆಂಬರ್ ೧೯, ಬುಧವಾರ

ಎರಡು ವಾರ ಕಳೆಯಿತು. ಅವಳು ಬರುವ ಲಕ್ಷಣ ಇಲ್ಲ. ಅಕ್ಕನ ಜೀವ ಹೋಗುತ್ತಲೂ ಇಲ್ಲ, ಇರುತ್ತಲೂ ಇಲ್ಲವಂತೆ. ಇವತ್ತೋ ನಾಳೆಯೋ ಅನ್ನುತ್ತಾ ಇದ್ದಾರಂತೆ. ಎಲ್ಲ ಮಗಳ ಬಾಯಿಂದ ತಿಳಿದದ್ದು. ಚೆನ್ನಾಗಿದ್ದೀವಿ ಅಂದೆ ಅಂತಲೂ ಹೇಳಿದಳು. ಹೇಳುವಾಗ ಮುಖ ಮಾತ್ರ ಊದಿಕೊಂಡಿತ್ತು.

ಸುಸ್ತಾಗಿದೆ. ಬೇಗ ಬರಬಾರದಾ ಅನ್ನಿಸುತ್ತದೆ. ಬೇಗ ಬರಲಿ ಅಂದರೆ ಅಲ್ಲಿ ಏನಾಗಲಿ ಅಂದ ಹಾಗಾಗುತ್ತದೆ ಅಂತ ಯೋಚನೆ ಮಾಡಿ ಬಾಯಿ ತೊಳೆದುಕೊಂಡೆ.

ನವೆಂಬರ್ ೨೧, ಶುಕ್ರವಾರ

ಶಾಲೆಯ ಟೀಚರು ಕರೆಸಿದ್ದರು. ಅರ್ಧ ಪಾಳಿ ಬಿಟ್ಟು ಹೋದೆ. ಸಣ್ಣ ಧ್ವನಿಯ ಹೆಂಗಸು, ಪುಸ್ತಕ ತಿರುವಿ ಹಾಕುತ್ತಾ ತಲೆ ತಗ್ಗಿಸಿಯೇ ಮಾತಾಡಿದರು. ಆಯ್ತು, ಆಯ್ತು ಅನ್ನುತ್ತಾ ಕೂತೆ. ಕೊನೆಗೆ ತಲೆ ಎತ್ತಿ ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ತೋರಿಸಿದರು. ನಿಮ್ಮ ಮಗಳು ಕ್ಲಾಸಿನಲ್ಲಿ ಮಲಗುತ್ತಾಳೆ, ದಿನಾ ಮಲಗುತ್ತಾಳೆ.

ಮಾನ ಹೋಯಿತು. ದಾರಿಯಲ್ಲೇ ಹಿಡಿದು ಕೇಳಿದೆ. "ದೀಪ ಹಚ್ಚೋ ಹೊತ್ತಿಗೆ ಹಾಸಿಗೆ ಹಾಸ್ತೀನಿ. ನಿಂಗೇನು ಕೆಲಸ, ಕಲ್ಲು ಒಡೀತೀಯಾ ರಾತ್ರಿ? ಶಾಲೆ ಇರೋದು ನಿದ್ದೆ ಮಾಡೋಕಾ?"

ನೆಲ ನೋಡಿಕೊಂಡು ನಡೆದಳು. ಚೋಟು ಅವಳ ಲಂಗ ಹಿಡಿದುಕೊಂಡು, ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ನಿಂತು ಬರುತ್ತಿದ್ದ. ಇಬ್ಬರಿಗೂ ಸಿಟ್ಟಿನಲ್ಲಿ ಬೈದೆ. ಮನೆಗೆ ಬಂದ ಮೇಲೆ ಬೇಜಾರಾಯಿತು, ಇಬ್ಬರಿಗೂ ಬ್ರೆಡ್ಡಿಗೆ ಸಕ್ಕರೆ ಹಾಕಿ ಕೊಟ್ಟೆ. ಚೋಟು ತಿನ್ನಲಿಲ್ಲ.

ನವೆಂಬರ್ ೨೪, ಸೋಮವಾರ

ಚೋಟು ಶಾಲೆಗೆ ಹೋಗಲಿಲ್ಲ. ಟೈಲರಮ್ಮನ ಹತ್ತಿರ ಬಿಟ್ಟು ಹೋದೆ. ಆಕೆ ನನ್ನ ಮುಖ ನೋಡದೆ ಮಗುವನ್ನು ಎತ್ತಿಕೊಂಡಳು.

ನವೆಂಬರ್ ೨೬, ಬುಧವಾರ

ಕೆಟಲ್ ಎತ್ತಿಕೊಂಡು ಅಂಗಡಿಗೆ ಹೋದೆ. ಸೀಟಿ ಇಲ್ಲದ ಕೆಟಲ್ ಮಾರಿ ಜನರ ತಲೆ ಬೋಳಿಸ್ತೀಯಾ ಅಂತ ಅಂಗಡಿಯವನಿಗೆ ಬಾಯಿಗೆ ಬಂದ ಹಾಗೆ ಅಂದೆ. ಅವನು ಜಗಳಕ್ಕೆ ಬರಲಿಲ್ಲ. ಅಲ್ಲೇ ಒಲೆಯ ಮೇಲೆ ನೀರು ಕಾಯಿಸಿದ. ಆವಿ ಬಂತು. ಬಟ್ಟಲು ಆರಿಸುತ್ತಿದ್ದ ಹೆಂಗಸು ಬೆಚ್ಚಿ ತಿರುಗಿದಳು. ಗಲ್ಲಾದ ಮೇಲೆ ಕೂತಿದ್ದ ಮುದುಕ ಕಿವಿಗೆ ಬೆರಳು ಇಟ್ಟುಕೊಂಡ. ಅಂಗಡಿಯವನು ನನ್ನನ್ನೇ ನೋಡುತ್ತಿದ್ದ.

ಸರಿಯಾಗಿದೆ ಅಂದೆ. ತೆಗೆದುಕೊಂಡು ಬಂದೆ.

ಇದರ ಬಗ್ಗೆ ಬರೆಯೋಕೆ ಇನ್ನೇನೂ ಇಲ್ಲ.

ನವೆಂಬರ್ ೩೦, ಭಾನುವಾರ. ಆಸ್ಪತ್ರೆ

ಮಗಳ ಶಾಲೆಯ ಚೀಲದಲ್ಲಿ ಡೈರಿ ಇತ್ತು, ಅವಳೇ ತುರುಕಿಕೊಂಡು ಬಂದಿದ್ದಳು. ಕೂರೋಕೆ ಆಗುತ್ತಿಲ್ಲ, ನಿಲ್ಲೋಕೆ ಆಗುತ್ತಿಲ್ಲ, ಬರೆಯುತ್ತೇನೆ.

ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ವೈರು ಬದಲಿಸುತ್ತಾ ಕೂತಿದ್ದೆ. ಒಳಕೋಣೆಗೆ ಬೆನ್ನು. ಮಕ್ಕಳು ಮಲಗಿದ್ದಾರೆ ಅಂದುಕೊಂಡಿದ್ದೆ. ಬೆನ್ನಿಗೆ ರಪ್ಪನೆ ಏನೋ ಬಡಿಯಿತು. ತಿರುಗಿದರೆ ನನ್ನದೇ ಚಪ್ಪಲಿ. ಸುತ್ತ ಒಂದು ಚಮಚ, ಬಾಚಣಿಗೆ, ಚೋಟುವಿನ ಮರದ ಲಾರಿ, ಸಿರಪ್ಪಿನ ಬಾಟಲಿ ಬಿದ್ದಿದ್ದವು. ಅವು ಯಾವಾಗ ಬಂದು ಬಿದ್ದವೋ ದೇವರೇ ಬಲ್ಲ.

ಅಪ್ಪನ ಮೇಲೆ ಚಪ್ಪಲಿ ಎಸೆಯುವಷ್ಟು ಸೊಕ್ಕಾ ಅಂತ ಎದ್ದು ಹೋದವನೇ ಅವಳ ಕೆನ್ನೆಗೆ ಬಿಟ್ಟೆ. ಅವಳು ತಪ್ಪಿಸಿಕೊಳ್ಳಲಿಲ್ಲ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಚೋಟುವನ್ನು ಎರಡೂ ತೋಳಲ್ಲಿ ಬಳಸಿ ನೆಟ್ಟಗೆ ಕೂರಿಸಿಕೊಂಡಿದ್ದಳು, ಬಿಟ್ಟರೆ ಅವನು ಬೀಳುತ್ತಿದ್ದ. ಹೊಡೆದ ಮೇಲೆ ಅವನನ್ನು ನೋಡಿದೆ. ತುಟಿ ನೀಲಿ. ಕಣ್ಣು ಅರ್ಧ ಮೇಲಕ್ಕೆ. ಕುತ್ತಿಗೆಯ ಗುಳಿ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ಬಾಯಿ ತೆರೆದಿತ್ತು, ಅದರಿಂದ ನನಗೆ ಏನೂ ಕೇಳಿಸಲಿಲ್ಲ. ಮಗಳ ಬಾಯಿಯೂ ತೆರೆದಿತ್ತು. ಗಂಟಲ ನರ ಉಬ್ಬಿತ್ತು. ಅಷ್ಟು ಹೊತ್ತಿಂದ ಕೂಗುತ್ತಿದ್ದಳು.

ಆಮೇಲೆ ಮಗುವನ್ನು ಎತ್ತಿಕೊಂಡು ಬಾಗಿಲು ತೆಗೆದರೆ ಎದುರಿಗೇ ಟೈಲರಮ್ಮ. ಬಡಿದು ಬಡಿದು ಆಕೆಯ ಅಂಗೈ ಕೆಂಪಾಗಿತ್ತು. "ಕಿವುಡಾ ನೀನು?" ಅಂದಳು. ಬೈದಳೋ ಕೇಳಿದಳೋ ಗೊತ್ತಿಲ್ಲ. ಬಾಡಿಗೆ ಕಾರು ನಿಲ್ಲಿಸಿದವಳು ಆಕೆಯೇ. ಮಗಳು ಶಾಲೆಯ ಚೀಲ ಎತ್ತಿಕೊಂಡು ಬರಿಗಾಲಲ್ಲಿ ಓಡಿ ಬಂದು ಹತ್ತಿದಳು. ಕುರ್ಚಿ ಮೇಲೆ ಪೆಟ್ಟಿಗೆ ಇಟ್ಟು ಹತ್ತಿ ಆ ಪಂಪನ್ನು ಗೂಡಿನಿಂದ ಅವಳೇ ಯಾವತ್ತೋ ಇಳಿಸಿಕೊಂಡಿದ್ದಳಂತೆ. ಒತ್ತಿ ಒತ್ತಿ ಅದು ಖಾಲಿಯಾಗಿ ನಾಲ್ಕು ದಿನ ಆಯಿತಂತೆ. ನನಗೆ ಹೇಳೋಕೆ ಹೆದರಿದಳಂತೆ.

ಈಗ ಮೂಗಿಗೆ ಕೊಳವೆ ಹಾಕಿದ್ದಾರೆ. ತುಟಿಗೆ ಬಣ್ಣ ಬಂದಿದೆ. ಗಾಜಿನಾಚೆ ನಿಂತು ನೋಡಿ ಅಂದರು, ನೋಡುತ್ತಿದ್ದೇನೆ. ಮಗಳ ಕೆನ್ನೆಯ ಮೇಲೆ ನನ್ನ ಬೆರಳಿನ ಗುರುತು ಇನ್ನೂ ಇದೆ. ಅಮ್ಮನಿಗೆ ಹೇಳಲಾ ಅಂತ ಕೇಳಿದಳು. ಬೇಡ, ಒಂದು ದಿನ ನೋಡೋಣ ಅಂದೆ.

ಡಿಸೆಂಬರ್ ೧, ಸೋಮವಾರ

ಇವತ್ತೂ ಹೇಳಲಿಲ್ಲ.

ಡಿಸೆಂಬರ್ ೨, ಮಂಗಳವಾರ

ಬೆಳಿಗ್ಗೆ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ತುಟಿ ಕಾಣದಿದ್ದರೆ ನನಗೆ ಮಾತು ತಲೆಬುಡ ತಿಳಿಯುವುದಿಲ್ಲ. ಮಗಳು ಮಧ್ಯೆ ನಿಂತಳು. ಅವರು ಹೇಳಿ ಮುಗಿಸಿದ ಮೇಲೆ ನನ್ನ ಕಡೆ ಮುಖ ತಿರುಗಿಸಿ ಹೇಳುತ್ತಿದ್ದಳು. ಸೀಟಿ ಶುರುವಾದ ತಕ್ಷಣ ಔಷಧಿ ಕೊಡಬೇಕು. ಕೇಳಿ ಗುರುತು ಹಿಡಿಯಬೇಕು, ಅದಕ್ಕೆ ಈಗ ಕೇಳಿ ಅಂತ ಡಾಕ್ಟರಮ್ಮ ತಮ್ಮ ಕೊಳವೆಯನ್ನು ನನ್ನ ಕಿವಿಗೆ ಸಿಕ್ಕಿಸಿ ಬಿಲ್ಲೆಯನ್ನು ಚೋಟು ಎದೆಗೆ ಇಟ್ಟರು.

ಕಣ್ಣು ಮುಚ್ಚಿ ಕೇಳಿದೆ. ಉಸಿರು ಬಿಗಿ ಹಿಡಿದು ಕೇಳಿದೆ. ಗುಂಡಿಗೆ ಇತ್ತು. ಬೇರೆ ಏನೂ ಇರಲಿಲ್ಲ.

ಕಣ್ಣು ಬಿಟ್ಟೆ. ಡಾಕ್ಟರಮ್ಮ ಹುಬ್ಬು ಏರಿಸಿ ಕಾಯುತ್ತಿದ್ದರು. ಗೂಡಿನೊಳಗೆ ಕೂತು ಎಷ್ಟು ವರ್ಷ ಮೊಣಕೈ ನೋಡಿ ಗುಂಡಿ ಒತ್ತಿದ್ದೇನೋ, ಆ ಅಭ್ಯಾಸಕ್ಕೆ ತಲೆ ತಾನೇ ಆಡಿತು. ಕೇಳಿಸಿತು ಅಂತ.

ಮಗಳು ಹೇಳಿದಳು, "ಹಾಗಿದ್ರೆ ನಾಳೆ ಮನೆಗೆ ಕರ್ಕೊಂಡು ಹೋಗಬಹುದಂತೆ. ರಾತ್ರಿ ಹೊತ್ತೇ ಜಾಸ್ತಿ ಆಗೋದಂತೆ. ಈ ಸಲ ಉಳಿದದ್ದೇ ಹೆಚ್ಚಂತೆ. ರಾತ್ರಿ ಯಾರು ಕೇಳಿಸ್ಕೋತೀರಿ ಅಂತ ಕೇಳ್ತಿದ್ದಾರೆ."

ನಾನು ನನ್ನ ಎದೆ ಮುಟ್ಟಿ ತೋರಿಸಿದೆ.

ಮಗಳು ಡಾಕ್ಟರಮ್ಮನ ಕಡೆ ತಿರುಗಲಿಲ್ಲ. ನನ್ನ ಕಡೆಯೇ ನಿಂತಳು. ಡಾಕ್ಟರಮ್ಮನಿಗೆ ಹೇಳಬೇಕಾದದ್ದನ್ನೂ ನನ್ನ ಮುಖ ನೋಡಿಕೊಂಡೇ, ನನಗೆ ತಿಳಿಯಲಿ ಅಂತ, ಬಾಯಿ ಬಿಡಿಸಿ ಬಿಡಿಸಿ ಹೇಳಿದಳು.

"ಅಪ್ಪಂಗೆ ಕೇಳಿಸಲ್ಲ. ನಾನು ಕೇಳಿಸ್ಕೋತೀನಿ. ನಂಗೆ ಅಭ್ಯಾಸ ಆಗಿದೆ. ರಾತ್ರಿ ನಾನು ಮಲಗಲ್ಲ, ಶಾಲೇಲಿ ಮಲಗ್ತೀನಿ."

ದೂರು ಹೇಳಿದ ಹಾಗೆ ಹೇಳಲಿಲ್ಲ. ನೀರು ತುಂಬಿಟ್ಟಿದ್ದೀನಿ ಅನ್ನುವ ಹಾಗೆ ಹೇಳಿದಳು. ಮನೆಯಲ್ಲಿ ಸದ್ದಿಲ್ಲ ಅಂತ ಇದೇ ಡೈರಿಯಲ್ಲಿ ಬರೆದುಕೊಂಡು ಬೀಗಿದೆನಲ್ಲ, ಆ ರಾತ್ರಿಗಳಲ್ಲೆಲ್ಲ ಗೋಡೆಯ ಆ ಕಡೆ ಇವಳು ಕೂತಿದ್ದಳು.

ಡಾಕ್ಟರಮ್ಮ ಮುಖದ ಬಟ್ಟೆ ಕೆಳಗೆ ಎಳೆದರು. ಈಗ ತುಟಿ ಕಂಡಿತು. "ನಿಮಗೆ ಕೇಳಿಸ್ತಾ, ಇಲ್ವಾ?"

"ಇಲ್ಲ" ಅಂದೆ.

"ಯಾವಾಗಿಂದ?"

"ಬಹಳ ದಿನ ಆಯ್ತು. ಸಣ್ಣ ಸದ್ದು ಯಾವುದೂ ಇಲ್ಲ. ಮಕ್ಕಳ ಧ್ವನಿ ಇಲ್ಲ."

ಯಾರ ಎದುರಿಗೂ ಹೇಳಿರಲಿಲ್ಲ. ಹೆಂಡತಿಗೂ. ಅವಳಿಗೆ ಗೊತ್ತಿರಲೇಬೇಕು, ಇಷ್ಟು ವರ್ಷ ಎದುರಿಗೆ ಬಂದು ನಿಂತೇ ಮಾತಾಡುತ್ತಿದ್ದಳು. ಬಸ್ಸಿನಲ್ಲಿ ಕೂತು ಅಷ್ಟೊಂದು ಕೈ ಆಡಿಸಿದ್ದೂ ಅದಕ್ಕೇ ಇರಬೇಕು. ಕಾರ್ಖಾನೆಗೆ ಇದು ತಿಳಿದರೆ ಎಣ್ಣೆಯವನ ಪಕ್ಕ ನನಗೂ ಒಂದು ಸ್ಟೂಲು ಹಾಕುತ್ತಾರೆ. ಅದನ್ನು ನೆನೆದರೆ ಈಗಲೂ ಬೆವರು ಬರುತ್ತದೆ. ಅಲ್ಲಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಿವಿ ಕೇಳಿಸುವ ದೊಡ್ಡವರು ಒಬ್ಬರು ಮನೆಗೆ ಬರುವವರೆಗೂ ಮಗುವನ್ನು ಕಳಿಸುವುದಿಲ್ಲ ಅಂದರು ಡಾಕ್ಟರಮ್ಮ. ಇವತ್ತು ಇವಳೂ ಮಲಗಲಿ ಅಂತ ಮಗಳ ತಲೆ ಮುಟ್ಟಿದರು. ನರ್ಸು ಇರ್ತಾರೆ, ಅವರು ಕೇಳಿಸ್ಕೋತಾರೆ ಅಂತ ನಾನೂ ಹೇಳಿದೆ. ಅವಳು ನಂಬಲಿಲ್ಲ. ನರ್ಸು ಬಂದು ಚೋಟು ಪಕ್ಕದ ಕುರ್ಚಿಯಲ್ಲಿ ಕೂತದ್ದನ್ನು ಕಣ್ಣಾರೆ ನೋಡಿದ ಮೇಲೆ ಹೊರಗಿನ ಬೆಂಚಿನ ಮೇಲೆ ಉರುಳಿಕೊಂಡಳು.

ಡಿಸೆಂಬರ್ ೨, ಅದೇ ದಿನ ಸಂಜೆ

ಬೆಂಚಿನ ಪಕ್ಕದ ಗೋಡೆಗೆ ನಾಣ್ಯದ ಫೋನು ಇದೆ. ನಾನೇ ತಿರುಗಿಸಿದೆ. ಯಾರೋ ಎತ್ತಿದ ಹಾಗಾಯಿತು. ಅವಳೇ ಅಂದುಕೊಂಡು ಮಾತಾಡಿದೆ.

"ನಾನು ಕಣೇ. ಮಗಳಲ್ಲ, ನಾನೇ. ನೀನು ಏನು ಹೇಳಿದ್ರೂ ನಂಗೆ ಕೇಳಿಸಲ್ಲ, ಅದಕ್ಕೆ ನಾನು ಹೇಳಿಬಿಡ್ತೀನಿ. ಫೋನು ಯಾವತ್ತೂ ಕೆಟ್ಟಿರಲಿಲ್ಲ. ಚೋಟು ಆಸ್ಪತ್ರೇಲಿದ್ದಾನೆ. ಇದ್ದಾನೆ, ಹೆದರಬೇಡ, ಉಸಿರು ಸರಿಯಾಗಿದೆ. ಅವನ ಎದೆ ಸೀಟಿ ಹೊಡೀತಿದ್ದದ್ದು ನಂಗೆ ಗೊತ್ತಾಗಲಿಲ್ಲ. ಮಗಳು ಹೇಳಿದ್ಲು, ನಾನು ನಂಬಲಿಲ್ಲ. ನೀನು ಹೋದಾಗಿಂದ ಅವಳು ರಾತ್ರಿ ಮಲಗಿಲ್ಲ. ಚೆನ್ನಾಗಿದ್ದೀವಿ ಅಂತ ಅವಳ ಬಾಯಲ್ಲಿ ಹೇಳಿಸಿದ್ದೂ ನಾನೇ. ಅವಳಿಗೆ ಏನೂ ಅನ್ನಬೇಡ. ನಿಮ್ಮಕ್ಕನ್ನ ಬಿಟ್ಟು ಬಾ ಅನ್ನೋಕೆ ನಂಗೆ ಮುಖ ಇಲ್ಲ. ಆದ್ರೂ ಬಾ. ಮನೇಲಿ ಕೇಳಿಸ್ಕೊಳೋರು ಯಾರೂ ಇಲ್ಲ."

ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಆ ಕಿವಿಗೆ, ಈ ಕಿವಿಗೆ. ಒಳಗೆ ಬಿಟ್ಟು ಬಿಟ್ಟು ಏನೋ ಗುಂಯ್ ಅನ್ನುತ್ತಿತ್ತು. ಬರ್ತೀನಿ ಅಂದಳೋ, ಹೇಗೆ ಬರಲಿ ಅಂದಳೋ, ಅಕ್ಕ ಹೋದಳು ಅಂದಳೋ, ಬೈದಳೋ, ಅತ್ತಳೋ, ಯಾವುದೂ ತಿಳಿಯಲಿಲ್ಲ.

ಮಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಮಲಗಿದ್ದಳು. ಬಾಯಿ ತೆರೆದಿತ್ತು, ಒಂದು ಕೈ ಬೆಂಚಿನಿಂದ ಜೋತಾಡುತ್ತಿತ್ತು. ಒಂದು ಸಲ ಮುಟ್ಟಿದ್ದರೆ ಸಾಕಿತ್ತು, ಎದ್ದು ರಿಸೀವರ್ ಹಿಡಿದು, ನನ್ನ ಕಡೆ ಮುಖ ಮಾಡಿ ಒಂದಕ್ಷರ ಬಿಡದೆ ಹೇಳುತ್ತಿದ್ದಳು.

ಎಬ್ಬಿಸಲಿಲ್ಲ. ಗುಂಯ್ ಅನ್ನುವುದು ನಿಲ್ಲುವವರೆಗೂ ಹಿಡಿದುಕೊಂಡೇ ನಿಂತಿದ್ದೆ.